ಶನಿವಾರದ ರಸ

೧೯೬೨ರಲ್ಲಿ ನಾನು ಶಿವಮೊಗ್ಗದ ಒಂದು ಕಾಲೇಜಿನ ಲ್ಯಾಬೊರೇಟರಿಯಲ್ಲಿ ಗಾಜು ತೊಳೆಯುವ ಕೆಲಸಕ್ಕಿದ್ದೆ. ಕಾಗದದಲ್ಲಿ ಅಟೆಂಡರ್ ಎಂದಿತ್ತು, ಪಕ್ಕದಲ್ಲಿ ಟೆಂಪೊರರಿ ಎಂದೂ ಇತ್ತು. ಮನೆ ಭದ್ರಾವತಿ. ಗಂಡ ಎದೆ ಕೆಟ್ಟು ಮನೆಯಲ್ಲಿ ಕೂತಿದ್ದ. ಬೆಳಗಿನ ರೈಲಿಗೆ ಬಂದು ಸಂಜೆ ರೈಲಿಗೆ ಹಿಂದಿರುಗುತ್ತಿದ್ದೆ. ನನ್ನ ಓದು ಎರಡನೇ ಕ್ಲಾಸು. ಇಷ್ಟು ಬರೆಯುವುದಕ್ಕೇ ಮೂರು ವಾರ ಹಿಡಿದಿದೆ, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಲ್ಯಾಬು ರುದ್ರಪ್ಪ ಮೇಷ್ಟ್ರದು. ದುರ್ಗಿಗುಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಪಾಠ ಮುಗಿದ ಮೇಲೆ ಅವರದ್ದೇ ಒಂದು ಸಂಶೋಧನೆ ನಡೆಯುತ್ತಿತ್ತು. ನಮ್ಮ ಮೈಯಾಗಲಿ ಗಿಡವಾಗಲಿ ಸಣ್ಣ ಸಣ್ಣ ಕೋಶಗಳಿಂದ ಆದದ್ದು, ಕೋಶದೊಳಗೆ ಪ್ರೋಟೀನು ಇರುತ್ತದೆ. ಕೋಶ ಪ್ರೋಟೀನನ್ನು ಕಟ್ಟುವುದನ್ನು ಎಲ್ಲರೂ ನೋಡುತ್ತಾರೆ, ಕಟ್ಟಿದ್ದನ್ನು ತಾನೇ ಒಡೆದು ಹಾಕುವುದನ್ನು ಯಾರೂ ನೋಡುವುದಿಲ್ಲ ಎಂಬುದು ಅವರ ದೂರು. ಒಂದು ದಿನ ನನಗೂ ಹೇಳಿದರು.

“ಮನೇಲಿ ಅಕ್ಕಿ ಆರಿಸಲ್ವಾ ಸಿದ್ದಮ್ಮ? ಹಂಗೇ ಕೋಶ ಕೆಟ್ಟಿದ್ದನ್ನ ಆರಿಸಿ ತೆಗೀತದೆ.”

“ಆರಿಸೋರು ಯಾರು ಮೇಷ್ಟ್ರೇ?”

“ಅದು ಗೊತ್ತಾಗಿದ್ರೆ ನಾನ್ಯಾಕೆ ಇಲ್ಲಿ ಹುರುಳಿ ಅರೀತಾ ಕೂತಿರ್ತಿದ್ದೆ?”

ಹುರುಳಿ ಅರೆಯುವುದೇ ಕೆಲಸ. ಸೋಮವಾರ ನೆನೆಹಾಕಿ, ಮಂಗಳವಾರ ಬಟ್ಟೆಯಲ್ಲಿ ಕಟ್ಟಿ, ಆಮೇಲೆ ದಿನಾ ಒಂದು ಪಾಲು ಮೊಳಕೆಯನ್ನು ಐಸಿನ ಜೊತೆ ಅರೆದು ರಸ ಸೋಸುವುದು. ಆ ರಸವನ್ನು ಟೆಸ್ಟ್ ಟ್ಯೂಬುಗಳಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಗಂಟೆಗೊಂದು ಟ್ಯೂಬು ತೆಗೆದು ಆಸಿಡ್ ಹಾಕುತ್ತಿದ್ದರು. ಉಳಿದ ಪ್ರೋಟೀನು ಒಡೆದ ಹಾಲಿನ ಹಾಗೆ ತಳಕ್ಕೆ ಕೂರುತ್ತಿತ್ತು. ಗಂಟೆ ಕಳೆದಂತೆ ಕೂರುವುದು ಕಡಿಮೆಯಾದರೆ, ರಸ ತನ್ನ ಪ್ರೋಟೀನನ್ನು ತಾನೇ ಕರಗಿಸುತ್ತಿದೆ ಎಂದು ಅರ್ಥ.

ನಮ್ಮ ಹಿರಿಯ ಅಟೆಂಡರ್ ಪೆರುಮಾಳನೂ ಭದ್ರಾವತಿಯವನು, ನನ್ನ ರೈಲಿನವನು. “ಮೊಳಕೆ ಸಾರು ಮಾಡೋಕೆ ನಿಮ್ಮ ಮೇಷ್ಟ್ರಿಗೆ ಸಂಬಳ ಬೇರೆ ಕೇಡು. ಅದೂ ಒಗ್ಗರಣೆ ಇಲ್ಲದ ಸಾರು” ಎನ್ನುತ್ತಿದ್ದ.

ತೊಂದರೆ ಇದ್ದದ್ದು ಶನಿವಾರದ್ದು. ಶನಿವಾರ ಅರ್ಧ ದಿನ. ಅಂದು ತೆಗೆದ ಐದನೇ ದಿನದ ರಸವನ್ನು ಐಸಿನಲ್ಲಿಟ್ಟು ಸೋಮವಾರ ನೋಡಬೇಕಿತ್ತು. ಲ್ಯಾಬಿನಲ್ಲಿ ರೆಫ್ರಿಜರೇಟರ್ ಇರಲಿಲ್ಲ. ಪೆರುಮಾಳ ತರುತ್ತಿದ್ದ ಐಸ್ ಗಡ್ಡೆ, ಹೊಟ್ಟಿನಲ್ಲಿ ಮುಚ್ಚಿಟ್ಟರೂ ಭಾನುವಾರ ನೀರಾಗುತ್ತಿತ್ತು. ಒಂದು ಸೋಮವಾರ ಬಾಟಲಿ ತೆಗೆದರೆ ಮೂಗು ಒಡೆಯುವ ನಾತ. ಮೇಷ್ಟ್ರು ಎಲ್ಲರೆದುರು ನನ್ನ ಮೇಲೆ ಕೂಗಾಡಿದರು.

“ಇನ್ನೊಂದು ಸಲ ಹಳಸಿದ್ರೆ ನಿನ್ನ ಕಾಯಂ ಕಾಗದ ಮರ್ತುಬಿಡು.”

ನನ್ನನ್ನು ಕಾಯಂ ಮಾಡುವ ಕಾಗದ ಅವರ ಟೇಬಲ್ಲಿನ ಮೇಲೇ ಇತ್ತು. ನನ್ನ ಕೆಲಸ ಹೇಗಿದೆ ಎಂದು ಅವರು ನಾಲ್ಕು ಸಾಲು ಬರೆದು ಕಳಿಸಬೇಕಿತ್ತು. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ. ಹಾಗಾಗಿ ಮುಂದಿನ ಶನಿವಾರ ಅವರು ಸೈಕಲ್ ಹತ್ತಿದ ಮೇಲೆ, ಉಳಿದ ಸಾರಿಗೆ ಎಲ್ಲ ಹೆಂಗಸರೂ ಮಾಡುವುದನ್ನೇ ನಾನೂ ಮಾಡಿದೆ. ಬಿಸಿ ಮಾಡಿ ಇಟ್ಟೆ. ಗಾಜು ಸೀಳೀತೆಂದು ಬಿಸಿನೀರಿನ ಪಾತ್ರೆಯೊಳಗೆ ಬಾಟಲಿ ಇಳಿಸಿ, ಕುದಿ ಬರುವ ಮುಂಚೆ ತೆಗೆದೆ. ರಸ ಸ್ವಲ್ಪ ಮಬ್ಬಾಯಿತು. ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿದೆ, ತಿಳಿಯಾಯಿತು. ಸೋಮವಾರ ನಾತವಿಲ್ಲ. ಮೇಷ್ಟ್ರು ಮೂಸಿ ನೋಡಿ ಟ್ಯೂಬುಗಳಿಗೆ ಸುರಿದುಕೊಂಡರು. ಹೀಗೆ ಏಳು ಶನಿವಾರ ಮಾಡಿದೆ. ಹೇಳುವಂಥ ವಿಷಯ ಎಂದು ನನಗೆ ಅನ್ನಿಸಲೇ ಇಲ್ಲ.

ಆ ವಾರಗಳಲ್ಲಿ ಮೇಷ್ಟ್ರ ಮುಖ ಬದಲಾಯಿತು. ಊಟ ಬಿಟ್ಟು ಬರೆಯುತ್ತಿದ್ದರು. ಬೆಂಗಳೂರಿನ ಒಬ್ಬ ದೊಡ್ಡ ಪ್ರೊಫೆಸರಿಗೆ ಕಾಗದ ಹೋಯಿತು. ಮುಂದಿನ ತಿಂಗಳು ಬಂದು ಕಣ್ಣಾರೆ ನೋಡುತ್ತೇನೆ ಎಂದು ಉತ್ತರವೂ ಬಂತು. ಆ ಸಂತೋಷಕ್ಕೆ ಮೇಷ್ಟ್ರು ಬಿ.ಎಸ್ಸಿ. ಹುಡುಗರನ್ನು ಕರೆದು ತೋರಿಸಿದರು. ನಾನು ಪಕ್ಕದ ತೊಟ್ಟಿಯಲ್ಲಿ ಟ್ಯೂಬು ತೊಳೆಯುತ್ತಿದ್ದೆ.

“ಪ್ರೋಟೀನು ಕತ್ತರಿಸೋ ಎನ್‌ಜೈಮ್ ಶಾಖಕ್ಕೆ ಸಾಯ್ತದೆ. ಅದಕ್ಕೇ ಈ ಒಂದು ಟ್ಯೂಬನ್ನ ಬೇಕಂತ್ಲೇ ಕುದಿಸಿಟ್ಟಿದೀನಿ. ಇದರಲ್ಲಿ ಏನೂ ಕಡಿಮೆ ಆಗಲ್ಲ, ಸತ್ತ ರಸ. ಈಗ ಐದನೇ ದಿನದ್ದು ನೋಡಿ. ಕುದಿಸಿಲ್ಲ, ಏನಿಲ್ಲ, ಆದ್ರೂ ಕಡಿಮೆ ಆಗ್ತಿಲ್ಲ! ಒಡೆಯೋದನ್ನ ನಿಲ್ಲಿಸೋ ವಸ್ತು ಯಾವುದೋ ಅವತ್ತು ಹುಟ್ಟಿದೆ.”

ನನ್ನ ಕೈಯಲ್ಲಿದ್ದ ಬ್ರಷ್ಷು ನಿಂತಿತು. ಹುಟ್ಟಿದ್ದು ಏನೂ ಇರಲಿಲ್ಲ. ಕೊಂದವಳು ನಾನು.

ಸಂಜೆ ರೈಲಿನಲ್ಲಿ ಪೆರುಮಾಳನಿಗೆ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

“ಬಾಯಿ ಮುಚ್ಕೊಂಡಿರು ಮಾರಾಯ್ತಿ. ನಿನ್ನ ಕಾಯಂ ಕಾಗದ ಹೋಗೋವರೆಗೂ ಬಿಸಿ ಮಾಡು, ಆಮೇಲೆ ಬಿಡು.”

“ಆ ಬೆಂಗಳೂರಿನೋರು ಬಂದು, ನನ್ನ ಮುಂದೆನೇ ಅರೀರಿ ಅಂದ್ರೆ?”

“ಅದು ಮೇಷ್ಟ್ರ ಹಣೆಬರಹ. ನಿಂದು ನಂದಲ್ಲ.”

ಸತ್ಯ ಹೇಳುವ ಚಪಲ ನನಗೆ ಯಾವತ್ತೂ ಇರಲಿಲ್ಲ. ಅಂದು ರಾತ್ರಿ ನಿದ್ದೆಗೆಡಲೂ ಇಲ್ಲ, ದಣಿವಿಗೆ ನಿದ್ದೆ ಬಂತು. ಆದರೆ ಬೆಳಿಗ್ಗೆ ಒಲೆ ಹಚ್ಚುವಾಗ ಲೆಕ್ಕ ಸರಿಹೋಗಲಿಲ್ಲ. ಮೂರು ವರ್ಷ ಆ ಮನುಷ್ಯ ಸಂಜೆಯೆಲ್ಲ ಕೂತು ಅರೆದದ್ದನ್ನು ನೋಡಿದ್ದೆ. ಟ್ಯೂಬಿನ ಚೀಟಿಗೆ ಅಂಕಿ ಬರೆಯಲು ಕೈ ಹಿಡಿದು ಕಲಿಸಿದ್ದೂ ಅವರೇ. ಬೆಂಗಳೂರಿನವರ ಎದುರು ಮುಖ ಕೆಟ್ಟ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಬೈಸಿಕೊಳ್ಳುವುದು ಮೇಲು ಅನ್ನಿಸಿತು.

ಹೋಗಿ ಹೇಳಿದೆ. “ಶನಿವಾರದ ರಸಾನ ನಾನು ಬಿಸಿ ಮಾಡಿಡ್ತಿದ್ದೆ ಮೇಷ್ಟ್ರೇ. ಹಳಸಬಾರ್ದು ಅಂತ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಎಷ್ಟು ವಾರ?”

“ಏಳು.”

“ಎಷ್ಟು ಬಿಸಿ?”

“ಬೆರಳು ಇಟ್ರೆ ತಡೀಲಾರದಷ್ಟು.”

ಬರೆಯುತ್ತಿದ್ದ ಹಾಳೆಗಳನ್ನು ಮಡಿಸಿ ಪಕ್ಕಕ್ಕಿಟ್ಟರು. “ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಸಾರು ಬಿಸಿ ಮಾಡಿಟ್ಟೆ ಅಂತ ಯಾರಾದ್ರೂ ಹೇಳ್ತಾರಾ ಮೇಷ್ಟ್ರೇ? ನೀವೂ ಕೇಳ್ಲಿಲ್ಲ. ನಾತ ಹೆಂಗೆ ಹೋಯ್ತು ಅಂತ ಒಂದು ದಿನ ಕೇಳ್ಲಿಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವಾರದಿಂದ ನಾನು ಭಾನುವಾರವೂ ರೈಲು ಹತ್ತಿ ಬಂದು ಹೊಸ ಐಸ್ ತುಂಬಿ ಹೋಗುತ್ತಿದ್ದೆ, ಬಿಸಿ ಮುಟ್ಟಿಸಲಿಲ್ಲ. ಐದನೇ ದಿನದ ರಸದಲ್ಲೂ ಉಳಿದ ದಿನಗಳ ಹಾಗೆಯೇ ಪ್ರೋಟೀನು ಕರಗಿತು. ಹೊಸದೇನೂ ಇರಲಿಲ್ಲ. ಬರಬೇಡಿ ಎಂದು ಮೇಷ್ಟ್ರು ಬೆಂಗಳೂರಿಗೆ ಬರೆದರು. ಆ ಕಾಗದ ಅಂಚೆಗೆ ಹಾಕಿದವಳೂ ನಾನೇ.

ನನ್ನ ಬಗ್ಗೆ ಅವರು ಬರೆದದ್ದನ್ನು ಪೆರುಮಾಳ ಆಫೀಸಿನಲ್ಲಿ ಓದಿಸಿಕೊಂಡು ಬಂದ. ‘ತಿಳಿಯದೆ ಒಂದು ದೊಡ್ಡ ತಪ್ಪು ಮಾಡಿದ್ದಾಳೆ. ಅದನ್ನು ತಾನಾಗಿ ಬಂದು ಹೇಳಿದ್ದಾಳೆ. ಇಂಥವಳು ಲ್ಯಾಬಿಗೆ ಬೇಕು.’ ಆಫೀಸಿನವರು ಮೊದಲ ಸಾಲಿಗೇ ನಿಂತರು. ಆ ವರ್ಷ ಕಾಯಂ ಆಗಲಿಲ್ಲ.

“ಹೇಳ್ಬೇಡ ಅಂದಿದ್ನಲ್ಲ?” ಎಂದ ಪೆರುಮಾಳ.

ಎರಡು ವರ್ಷ ಬಿಟ್ಟು ಕಾಯಂ ಆಯಿತು. ಮೇಷ್ಟ್ರು ಹುರುಳಿ ಬಿಡಲಿಲ್ಲ, ಆರಿಸುವವರು ಯಾರೆಂದು ಅವರಿಗೆ ಗೊತ್ತಾಗಲೂ ಇಲ್ಲ. ಆದರೆ ಆ ಸಂಗತಿಯಾದ ಮೇಲೆ ಅವರು ಒಂದು ಪದ್ಧತಿ ಮಾಡಿದರು. ಬಾಟಲಿ ಮುಟ್ಟಿದವರು ಏನು ಮಾಡಿದರೆಂದು ಚೀಟಿಯ ಮೇಲೆ ಬರೆಯಬೇಕು. ಎರಡನೇ ಕ್ಲಾಸಿನ ಅಕ್ಷರ ಮರೆತೇ ಹೋಗಿ ನನಗೆ ಅಂಕಿ ಮಾತ್ರ ಬರುತ್ತಿತ್ತು, ಆ ಚೀಟಿಗಾಗಿ ಮತ್ತೆ ಅಕ್ಷರ ಕಲಿತೆ. ‘ಕೆಳಗೆ ಬಿತ್ತು’, ‘ಐಸ್ ಕರಗಿತ್ತು’, ‘ಎರಡು ಸಲ ಸೋಸಿದೆ’. ಸೊಟ್ಟ ಅಕ್ಷರ, ಹುಡುಗರು ನಗುತ್ತಿದ್ದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ತಪ್ಪು ಮಾಡುವಾಗ ಮನುಷ್ಯನಿಗೆ ಒಳಗೆ ಗೊತ್ತಿರುತ್ತದೆ, ಇವತ್ತಲ್ಲ ನಾಳೆ ಹೇಳುತ್ತಾನೆ. ಒಳ್ಳೆಯದಕ್ಕೆಂದು ಮಾಡಿದ್ದನ್ನು ಯಾರೂ ಹೇಳುವುದಿಲ್ಲ. ಚೀಟಿಯ ಮೇಲೆ ಮೊದಲು ಬರೆಯಬೇಕಾದದ್ದು ಅದನ್ನೇ.