ಮದುವೆಯಲ್ಲಿ ಕುಣಿದ ಜಡ್ಜು

ಪೂರ್ವ ಆಫ್ರಿಕದ ಈ ಪುಟ್ಟ ಊರಿಗೆ ಮೇಷ್ಟ್ರಾಗಿ ಬಂದಿಳಿದ ವಾರವೇ, ಪಕ್ಕದ ಮನೆಯ ಮದುವೆಯಲ್ಲಿ ನ್ಯಾಯಾಧೀಶರು ಕೋಟು ಬಿಚ್ಚಿ ಕುಣಿಯುವುದನ್ನು ಕಂಡೆ. ಬಾಯಲ್ಲಿದ್ದ ಉಗಾಲಿ, ಅಂದರೆ ಮುಸುಕಿನ ಜೋಳದ ಬಿಳಿ ಮುದ್ದೆ, ಗಂಟಲಲ್ಲೇ ನಿಂತಿತು. ನಮ್ಮ ಶಿಡ್ಲಘಟ್ಟದಲ್ಲಿ ಜಡ್ಜ್ ಸಾಹೇಬರು ಯಾರ ಮದುವೆಗೂ ಹೋದವರಲ್ಲ. ಇಂದು ಕಾಫಿ ಕೊಟ್ಟವನ ಕೇಸು ನಾಳೆ ಬಂದರೆ ಎಂಬ ಅಂಜಿಕೆ.

"ಇಂಥೋರ ಹತ್ರ ನ್ಯಾಯ ಸಿಗುತ್ತಾ?" ಎಂದೆ.

"ಅವರು ಕುಣಿದ್ರೆ ನಿಮಗ್ಯಾಕ್ರೀ ಕಾಲುನೋವು? ಸುಮ್ನೆ ಊಟ ಮಾಡಿ," ಎಂದಳು ಹೆಂಡತಿ ಸರೋಜ.

ಮದುವೆ ಮನೆಯೊಡೆಯ ಜುಮಾ ನನ್ನ ಸಹೋದ್ಯೋಗಿ. ನಮಗೆ ಮನೆ ಹುಡುಕಿಕೊಟ್ಟವನು ಅವನೇ. ಸರೋಜಳಿಗೆ ಸಂತೆಯ ಭಾಷೆ ಕಲಿಸಿದವಳು ಅವನ ಹೆಂಡತಿ ಜುಹುರಾ. ಮುಂದಿನ ವರ್ಷ ಜುಮಾ ಸಭೆಯೊಂದರಲ್ಲಿ ಎದ್ದು, ಶಾಲೆಗೆ ಬಂದ ತಗಡಿನ ಶೀಟುಗಳು ಯಾರ ಮನೆ ಸೇರಿದವೆಂದು ಅಧಿಕಾರಿಯನ್ನು ಕೇಳಿಬಿಟ್ಟ. ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟಿದನೆಂದು ಅವನನ್ನು ಜೈಲಿಗೆ ಹಾಕಿದರು. ನಾನು ಮೊದಲು ಚಿಂತಿಸಿದ್ದು ನನ್ನ ವೀಸಾ ಬಗ್ಗೆ. ಚಿಂತೆಯಲ್ಲೂ ನನ್ನ ಸರದಿಯೇ ಮೊದಲು, ಜುಮಾನದು ಆಮೇಲೆ.

ಪ್ರಶ್ನೆ ಕೇಳುವುದು ಅಪರಾಧವಲ್ಲವೆಂದು ಆ ಕುಣಿದ ಜಡ್ಜೇ ಅವನನ್ನು ಬಿಟ್ಟರು. ಹೋಗಿ ಕೈಮುಗಿಯಬೇಕೆಂದುಕೊಂಡೆ. ಅಷ್ಟರಲ್ಲಿ ರಾಜಧಾನಿಯಿಂದ ಒಂದು ಫೋನು ಬಂತು, ಜಡ್ಜರ ಕೆಲಸ ಹೋಯಿತು. ಪೊಲೀಸರು ಮತ್ತೆ ಬಂದು ಜುಮಾನನ್ನು ಕರೆದೊಯ್ದರು. ಈ ಸಲ ಕೋರ್ಟಿಗೆ ತರಲೇ ಇಲ್ಲ.

ಅತ್ತ ಶಿಡ್ಲಘಟ್ಟದಲ್ಲಿ ಚಿಕ್ಕಪ್ಪನೊಡನೆ ನಮ್ಮ ಹಿತ್ತಿಲ ಗೋಡೆಯ ಕೇಸು ಎಷ್ಟೋ ವರ್ಷಗಳಿಂದ ನಡೆಯುತ್ತಿದೆ. ಅಲ್ಲಿನ ಕೋರ್ಟನ್ನು ನಾನು ಶಪಿಸದ ದಿನವಿರಲಿಲ್ಲ. ಮೊನ್ನೆ ಶಾಲೆಗೆ ತಮ್ಮನ ಟ್ರಂಕ್‌ಕಾಲ್ ಬಂತು.

"ಅಣ್ಣಾ, ಮತ್ತೆ ವಾಯಿದೆ ಕಣಣ್ಣಾ. ದೀಪಾವಳಿ ಆದ್ಮೇಲಂತೆ. ನೀನು ಸಾಕ್ಷಿ ಹೇಳಕ್ಕೆ ಬರ್ಲೇಬೇಕು. ಅಷ್ಟರಲ್ಲಿ ಗೋಡೆ ತಾನಾಗೇ ಬಿದ್ರೆ ಇನ್ನೂ ಒಳ್ಳೇದು!"

ಮನೆಗೆ ಬಂದರೆ ಅಡುಗೆಮನೆಯಲ್ಲಿ ಜುಹುರಾ ಸರೋಜಳ ಪಕ್ಕ ಕೂತಿದ್ದಳು. ಅವಳನ್ನು ನಗಿಸಲೆಂದು ನನ್ನ ಹರಕು ಸ್ವಾಹಿಲಿಯಲ್ಲಿ ಗೋಡೆಯ ಕಥೆ ಹೇಳಿದೆ. ನಮ್ಮ ಕೋರ್ಟು ಮತ್ತೆ ಮುಂದಕ್ಕೆ ಹಾಕಿತು ನೋಡು ಎಂದೆ.

ಅವಳು ನಗಲಿಲ್ಲ. "ಕೋರ್ಟಿಗೆ ಬನ್ನಿ ಅಂತ ನಿಮಗೆ ದಿನ ಕೊಟ್ಟಿದ್ದಾರಾ?" ಎಂದು ಕೇಳಿದಳು.

ಸರೋಜ ಒಲೆಯ ಕಡೆ ತಿರುಗಿಕೊಂಡಳು.

ದೀಪಾವಳಿ ಕಳೆದ ಮೇಲೆ ಬಂದೇ ಬರುತ್ತೇನೆಂದು ತಮ್ಮನಿಗೆ ಮಾತು ಕೊಟ್ಟಿದ್ದೇನೆ. ಕೋರ್ಟಿಗೆ ಹೋಗಲು ನನಗೆ ದಿನವಿದೆಯೆಂದು ಜುಹುರಾಗೆ ಇನ್ನೂ ಹೇಳಿಲ್ಲ.