ಸಿಲಿಕಾನ್ ಬಿಲ್ಲೆಯಲ್ಲಿ ಸಿಕ್ಕಿದ ಚಿನ್ನ

ಮಣಿಪಾಲದಲ್ಲಿ ಸಂಶೋಧನೆಗೆ ಸೇರಿದ ಹೊಸತರಲ್ಲಿ ನನ್ನ ಕೆಲಸ ಇಷ್ಟೇ: ಟೈಟಾನಿಯಂ ಆಕ್ಸೈಡನ್ನು ಪುಟ್ಟ ತಟ್ಟೆಯಲ್ಲಿ ಕಾಯಿಸಿ ಆವಿ ಮಾಡಿ, ಸಿಲಿಕಾನ್ ಬಿಲ್ಲೆಗಳ ಮೇಲೆ ಅದರ ತೀರಾ ತೆಳುವಾದ ಪದರ ಕೂರಿಸುವುದು. ಆಮೇಲೆ ಅವನ್ನು ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಹೀಲಿಯಂ ಅಯಾನುಗಳನ್ನು ಭಾರೀ ವೇಗದಲ್ಲಿ ಬಿಲ್ಲೆಗೆ ಹೊಡೆಯುತ್ತಾರೆ. ಹೆಚ್ಚಿನವು ಒಳಹೊಕ್ಕು ಅಲ್ಲೇ ಉಳಿಯುತ್ತವೆ. ಅಪರೂಪಕ್ಕೊಂದು ಹಿಂದಕ್ಕೆ ಚಿಮ್ಮುತ್ತದೆ. ಭಾರದ ಪರಮಾಣುವಿಗೆ ಬಡಿದದ್ದು ಹೆಚ್ಚು ಶಕ್ತಿ ಉಳಿಸಿಕೊಂಡು ಬರುತ್ತದೆ, ಹಗುರದ್ದಕ್ಕೆ ಬಡಿದದ್ದು ಸುಸ್ತಾಗಿ ಮರಳುತ್ತದೆ. ಆ ಶಕ್ತಿಯನ್ನು ಅಳೆದು, ಹೆಚ್ಚಿನದು ಬಲಕ್ಕೆ ಬರುವಂತೆ ನಕ್ಷೆ ಬರೆದರೆ ಒಳಗೆ ಯಾವ ಧಾತು ಇದೆಯೆಂದು ತಿಳಿಯುತ್ತದೆ.

ನನ್ನ ಮೊದಲ ನಕ್ಷೆಯಲ್ಲಿ ಟೈಟಾನಿಯಂ ಶಿಖರದ ಆಚೆ, ಬಲತುದಿಯಲ್ಲಿ, ಯಾರೂ ಕರೆಯದ ಇನ್ನೊಂದು ಗುಡ್ಡ ಎದ್ದು ನಿಂತಿತ್ತು. ಲೆಕ್ಕ ಹಾಕಿದೆ. ಚಿನ್ನ! ಅದು ಅಲ್ಲಿಗೆ ಹೇಗೆ ಬಂತು ಎಂಬ ಸಾಮಾನ್ಯ ಪ್ರಶ್ನೆ ಹೊಳೆಯುವ ಮೊದಲೇ ಕಾಪುವಿನ ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ.

ಭಾನುವಾರ ಮನೆಗೆ ಹೋದರೆ ಕಾರ್ಕಳದ ದೊಡ್ಡಮ್ಮ ಆಗಲೇ ಬಂದು ಕೂತಿದ್ದರು. ಅಮ್ಮ ಗುಳ್ಳ ಬದನೆಯ ಸಾಂಬಾರು ಬಡಿಸುತ್ತ ಬೀಗುತ್ತಿದ್ದಳು.

"ಎಷ್ಟು ಪವನು ಚಿನ್ನ ಉಂಟು ಮಗಾ?" ಎಂದರು ದೊಡ್ಡಮ್ಮ.

"ಪವನೆಲ್ಲ ಇಲ್ಲ ದೊಡ್ಡಮ್ಮ. ಕಣ್ಣಿಗೇ ಕಾಣುವುದಿಲ್ಲ."

"ಕಾಣದ್ದು ಚಿನ್ನ ಅಂತ ಹೇಗೆ ಗೊತ್ತಾಯ್ತು ಮಾರಾಯ್ತಿ?"

ನಾನು ಸಾಂಬಾರು ಆರುವವರೆಗೂ ಅಯಾನುಗಳ ಬಗ್ಗೆ ಕೊರೆದೆ. ದೊಡ್ಡಮ್ಮ ನನ್ನ ಮರ್ಯಾದೆಗೆಂದು ತಲೆಯಾಡಿಸಿದರು.

ಮರುದಿನ ಗೈಡ್ ಸರ್ ನಕ್ಷೆ ನೋಡಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಚಿನ್ನದ ಶಿಖರ ಇರಬೇಕಾದಲ್ಲಿಂದ ಸ್ವಲ್ಪ ಎಡಕ್ಕೆ ಜಾರಿದೆ ಅಲ್ವಾ? ಅಯಾನು ನಿನ್ನ ಪದರ ದಾಟಿ ಹೋಗಿ ಬರುವಾಗ ಶಕ್ತಿ ಕಳಕೊಂಡಿದೆ. ಅಂದರೆ ಚಿನ್ನ ಇರುವುದು ಪದರದ ಅಡಿಯಲ್ಲಿ. ಕಾಯಿಸಲಿಕ್ಕೆ ಯಾವ ತಟ್ಟೆ ಇಟ್ಟದ್ದು ನೀನು?"

"ಕಪಾಟಿನಲ್ಲಿ ಒಂದು ಇತ್ತು ಸರ್. ತಳದಲ್ಲಿ ಚೂರು ಹಳದಿ ಇತ್ತು."

"ಅದು ಎಂತ ಅಂತ ನೋಡಲಿಲ್ವಾ?"

"ಕಲೆ ಅಂದುಕೊಂಡೆ."

ಹಿಂದೆ ಯಾರೋ ಅದರಲ್ಲಿ ಚಿನ್ನ ಕಾಯಿಸಿದ್ದರು. ನಾನು ಬಿಸಿ ಏರಿಸಿದಾಗ ಮೊದಲು ಆವಿಯಾಗಿ ಬಿಲ್ಲೆಗೆ ಅಂಟಿದ್ದು ಆ ಕಲೆ. ನನ್ನ ಪದರ ಕೂತದ್ದು ಅದರ ಮೇಲೆ. ಕಣ್ಣೆದುರಿಗೇ ಇದ್ದ ಹಳದಿಯನ್ನು ನನಗೆ ತೋರಿಸಲು ಅಷ್ಟು ದೊಡ್ಡ ಯಂತ್ರವೇ ಬೇಕಾಯಿತು.

ಹೊಸ ತಟ್ಟೆ ತರಿಸಿ ಮತ್ತೆ ಮಾಡಿದೆ. ಈ ಸಲ ನಕ್ಷೆಯ ಬಲತುದಿ ಪೂರ್ತಿ ಖಾಲಿ. "ಒಳ್ಳೆದುಂಟು" ಎಂದರು ಸರ್. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಕುಣಿಯುತ್ತಾ ಅಮ್ಮನಿಗೆ ಫೋನ್ ಮಾಡಿದೆ.

"ಈ ಸಲ ಎಂತ ಸಿಕ್ಕಿತು?"

"ಎಂತದೂ ಇಲ್ಲಮ್ಮ. ಅದಕ್ಕೇ ಖುಷಿ."



"ಅದನ್ನು ದೊಡ್ಡಮ್ಮನಿಗೆ ನೀನೇ ಹೇಳು," ಎಂದಳು ಅಮ್ಮ.