ಆರೈಕೆ ಕಲಿಸಿದ ಹಿರಿಯ ಸಿಸ್ಟರ್

ಸಿರ್ಸಿಯ ಆಸ್ಪತ್ರೆಯೊಂದರಲ್ಲಿ ನಮ್ಮಂಥ ಹೊಸ ನರ್ಸುಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯ ಸಿಸ್ಟರ್, ಕನ್ನಡಕವನ್ನು ಹಣೆಗೇರಿಸಿಕೊಂಡು, "ಮೊದಲು ಕುರ್ಚಿ, ಆಮೇಲೆ ಮಾತು" ಎನ್ನುತ್ತಿದ್ದರು. ದಪ್ಪ ಮೈಯವರು ಬಂದರೆ ಕೈಯಿಲ್ಲದ ಅಗಲ ಕುರ್ಚಿಯನ್ನು ತಾವೇ ಎಳೆದು ಹಾಕುತ್ತಿದ್ದರು.

ಒಮ್ಮೆ ಎಕ್ಕಂಬಿಯಿಂದ ಕಿವಿನೋವೆಂದು ಬಂದ ಭಾರೀ ಮೈಯ ಅಮ್ಮನನ್ನು ನಾನು ನೇರ ತೂಕದ ಯಂತ್ರದ ಕಡೆಗೆ ಕರೆದೆ. ಅವರು ಮುಖ ಬಾಡಿಸಿಕೊಂಡು ಬಾಗಿಲತ್ತ ತಿರುಗಿದರು. ಸಿಸ್ಟರ್ ಓಡಿಬಂದು, ಕೈಹಿಡಿದು ಕೂರಿಸಿ, "ಯಾವ ಕಿವಿ ಅಮ್ಮಾ?" ಎಂದು ಕೇಳಿ, ಟಾರ್ಚನ್ನು ನನ್ನ ಕೈಗಿತ್ತರು. ನೋಡಿದರೆ ಒಳಗೆ ಗುಗ್ಗೆ ಗಟ್ಟಿಯಾಗಿ ಕೂತಿತ್ತು.

"ಅಯ್ಯ, ಕಿವಿ ನೋವಂದ್ರ ಕಿವೀನ ನೋಡಿದವ್ರು ನೀವ ಮೊದಲ್ರಿ! ಎಲ್ಲಾರೂ ಅನ್ನ ಬಿಡು ಅಂತಿದ್ರು" ಎಂದು ಆ ಅಮ್ಮ ನಕ್ಕರು. ಸಿಸ್ಟರೂ ನಕ್ಕರು, ನಾಚಿಕೊಂಡೇ ನಾನೂ ನಕ್ಕೆ.

ಮುಂದಿನ ವಾರ ಆ ಅಮ್ಮ ತಮ್ಮ ತಂಗಿಯನ್ನೂ ಕರೆತಂದು, ಸಿಸ್ಟರನ್ನು ಬಿಟ್ಟು ನನ್ನನ್ನೇ ಹುಡುಕಿದರು.